ಪ್ರತಿಕ್ರಿಯೆ: ಹಾಸನದ ಸರ್ಕಾರಿ ಶಾಲೆಯ ಹಣದ ಲೆಕ್ಕ ಯಾರ ಬಳಿ ಇರುತ್ತದೆ?

ಮಾನ್ಯರೇ, ಹಾಸನ ನಗರದಲ್ಲಿ ನಿಮ್ಮ ಮಗಳು ಓದುವ ಸರ್ಕಾರಿ ಶಾಲೆಯ ಹಣದ ಲೆಕ್ಕವನ್ನು ನಗರಾಡಳಿತದಲ್ಲಿ ಕೇಳಬೇಕೇ ಎಂದು ವಿಚಾರಿಸಿದ್ದೀರಿ. ಅಲ್ಲಿ ಅಲ್ಲ, ನಗರದೊಳಗಿದ್ದರೂ ಸರ್ಕಾರಿ ಶಾಲೆಗಳು ಶಿಕ್ಷಣ ಇಲಾಖೆಗೆ ಸೇರಿದವು, ಕ್ಷೇತ್ರ ಶಿಕ್ಷಣಾಧಿಕಾರಿಗಳ ವ್ಯಾಪ್ತಿಗೆ ಬರುತ್ತವೆ. ಶಿಕ್ಷಕರ ಸಂಬಳ ಸರ್ಕಾರದ್ದೇ. ಪೋಷಕರು ಮುಖ್ಯವಾಗಿ ಗಮನಿಸಬೇಕಾದದ್ದು ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನವನ್ನು: 2018ರ ಮಾರ್ಗಸೂಚಿಯಂತೆ ಅದು ದಾಖಲಾತಿಯನ್ನು ಅವಲಂಬಿಸಿದ್ದು, 101ರಿಂದ 250 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50,000 ರೂಪಾಯಿ ನಿಗದಿಯಾಗಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಂ ಅನುದಾನದ ಬಳಕೆಯ ಮೇಲ್ವಿಚಾರಣೆಯನ್ನು ಶಾಲಾ ಸಮಿತಿಗೆ ವಹಿಸಿ, ಸದಸ್ಯರಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರೇ ಇರಬೇಕೆನ್ನುತ್ತದೆ. ನಮ್ಮಲ್ಲಿ ಅದು ಎಸ್‌ಡಿಎಂಸಿ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಆದ್ದರಿಂದ ಮುಖ್ಯ ಶಿಕ್ಷಕರಲ್ಲಿ ನಗದು ಪುಸ್ತಕವನ್ನೂ ಸಭೆಯ ನಡಾವಳಿಯನ್ನೂ ಒಟ್ಟಿಗೆ ಕೇಳಿ. ಬರೆದ ಪ್ರತಿ ಖರ್ಚಿಗೂ ಸಮಿತಿಯ ಒಪ್ಪಿಗೆ ಇದೆಯೇ ಎಂಬುದನ್ನೇ ಮೊದಲು ನೋಡಬೇಕೆಂಬುದು ನನ್ನ ದೃಢ ಅಭಿಪ್ರಾಯ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಸಲ್ಲಿಸಿ.