ಬಾಣಂತನಕ್ಕೆ ಹೋದ ಅಮ್ಮನನ್ನು ಏರ್‌ಪೋರ್ಟಿನಿಂದಲೇ ವಾಪಸ್ ಕಳಿಸಿದರು, ಮತ್ತೆ ಹೋಗಬಹುದಾ?

ಪ್ರಶ್ನೆ: ನಾವು ಮುಂಬೈ ಹತ್ತಿರದ ಡೊಂಬಿವಲಿಯವರು, ಮೂಲ ಕುಂದಾಪುರದ ಕಡೆ. ಅಕ್ಕ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾಳೆ, ಎರಡನೇ ಹೆರಿಗೆ ಹತ್ತಿರ ಬಂದಿದೆ. ಅಮ್ಮನಿಗೆ 63 ವರ್ಷ, ಹತ್ತು ವರ್ಷದ ಟೂರಿಸ್ಟ್ ವೀಸಾ ಇತ್ತು. ಹೋದ ಸಲ ಐದೂವರೆ ತಿಂಗಳು ಇದ್ದು ಬಂದರು, ಮೂರು ತಿಂಗಳು ಬಿಟ್ಟು ಮತ್ತೆ ಹೊರಟರು. ಈ ಸಲ ಅಲ್ಲಿ ಇಳಿದ ಕೂಡಲೇ ಒಳಗಿನ ಕೋಣೆಯಲ್ಲಿ ಒಂಬತ್ತು ಗಂಟೆ ಕೂರಿಸಿದರಂತೆ. ಫೋನ್ ತೆಗೆದು ನೋಡಿದರು. ಹಿಂದಿ ದುಭಾಷಿ ಲೈನಿಗೆ ಬಂದು ಯಾಕೆ ಬಂದಿರಿ ಎಂದಾಗ ಅಮ್ಮ 'ಬೇಟಿ ಕೆ ಘರ್ ಕಾಮ್ ಕರ್ನೆ' (ಮಗಳ ಮನೆಯಲ್ಲಿ ಕೆಲಸ ಮಾಡಲು) ಅಂದರಂತೆ. ಪೇಪರಿಗೆ ಸಹಿ ಹಾಕಿಸಿಕೊಂಡು ಮುಂದಿನ ಫ್ಲೈಟ್ ಹತ್ತಿಸಿದರು. ವೀಸಾ ಕ್ಯಾನ್ಸಲ್. ಇದು ಡಿಪೋರ್ಟಾ? ಇನ್ನು ಹತ್ತು ವರ್ಷ ಹೋಗುವ ಹಾಗಿಲ್ಲ ಅಂತ ಬಿಲ್ಡಿಂಗಿನವರು ಹೇಳುತ್ತಿದ್ದಾರೆ. ಅಮ್ಮ ಸರಿಯಾಗಿ ಊಟವನ್ನೇ ಮಾಡುತ್ತಿಲ್ಲ.

ಉತ್ತರ: ಮೊದಲು ಅಮ್ಮನಿಗೆ ಊಟ ಮಾಡಲು ಹೇಳಿ. ಇದಕ್ಕಾಗಿ ಇಲ್ಲಿ ಅವರ ಮೇಲೆ ಕೇಸು ಗೀಸು ಏನೂ ಆಗುವುದಿಲ್ಲ. ಬಿಲ್ಡಿಂಗಿನವರು ಹೇಳುವ ಹತ್ತು ವರ್ಷದ ಲೆಕ್ಕ ಬೇರೆಯವರದ್ದು. ಅವಧಿ ಮೀರಿ ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಅಲ್ಲೇ ಉಳಿದು ಬಂದವರಿಗೆ ಅದು. ನಿಮ್ಮ ಅಮ್ಮ ಹೋದ ಸಲ ಟೈಮಿಗೆ ಸರಿಯಾಗಿ ಬಂದಿದ್ದಾರಲ್ವಾ?

ನಾವು ಸುಮ್ನೆ ಎಲ್ಲದಕ್ಕೂ 'ಡಿಪೋರ್ಟ್' ಅಂದುಬಿಡುತ್ತೇವೆ. ಏರ್‌ಪೋರ್ಟಿನಿಂದ ವಾಪಸ್ ಕಳಿಸುವುದರಲ್ಲಿ ಎರಡು ಥರ ಇದೆ, ಇವೆರಡರ ನಡುವೆ ಅಜಗಜಾಂತರ. ಒಂದು, 'ಸರಿ, ನಾನೇ ವಾಪಸ್ ಹೋಗುತ್ತೇನೆ' ಎಂದು ಬರೆದುಕೊಟ್ಟು ಬರುವುದು. ಅದರ ಫಾರ್ಮ್ ಐ-275. ವೀಸಾ ಹೋಗುತ್ತದೆ, ಆದರೆ ಇಷ್ಟು ವರ್ಷ ಬರಬೇಡಿ ಎನ್ನುವ ನಿಷೇಧ ಬೀಳುವುದಿಲ್ಲ. ಇನ್ನೊಂದು ಎಕ್ಸ್‌ಪೆಡೈಟೆಡ್ ರಿಮೂವಲ್. ಜಡ್ಜ್ ಮುಂದೆ ಹೋಗದೆ ಅಲ್ಲಿನ ಅಧಿಕಾರಿಯೇ ಹೊರಡಿಸುವ ಆದೇಶ, ಫಾರ್ಮ್ ಐ-860. ಇದು ಬಿದ್ದರೆ ಐದು ವರ್ಷ ಬಾಗಿಲು ಬಂದ್. ಬೇಗ ಹೋಗಲೇಬೇಕಾದರೆ ಐ-212 ಎಂಬ ಅರ್ಜಿ ಹಾಕಿ ಅನುಮತಿ ಕೇಳಬಹುದು. ಎರಡರಲ್ಲೂ ವೀಸಾ ಮೇಲೆ ಕ್ಯಾನ್ಸಲ್ ಮುದ್ರೆ ಇರುತ್ತದೆ, ಹಾಗಾಗಿ ಬರೀ ಪಾಸ್‌ಪೋರ್ಟ್ ನೋಡಿದರೆ ಗೊತ್ತಾಗುವುದಿಲ್ಲ. ಅಮ್ಮನ ಬ್ಯಾಗಿನಲ್ಲಿ ಮಡಚಿಟ್ಟ ಹಾಳೆಗಳಿರಬೇಕು, ಹುಡುಕಿ.

ಐ-860 ಸಿಕ್ಕಿದರೆ ಕಾರಣದ ಜಾಗದಲ್ಲಿ ಅಮೆರಿಕದ ವಲಸೆ ಕಾನೂನಿನ ಯಾವ ಸೆಕ್ಷನ್ ಇದೆ ನೋಡಿ. 212(ಎ)(7) ಎಂದಷ್ಟೇ ಇದ್ದರೆ ಸರಿಯಾದ ವೀಸಾ, ದಾಖಲೆ ಇಲ್ಲ ಎಂದರ್ಥ. 212(ಎ)(6)(ಸಿ) ಇದ್ದರೆ ನನಗೂ ಚಿಂತೆಯೇ. ಸುಳ್ಳು ಹೇಳಿ ಒಳಗೆ ಬರಲು ನೋಡಿದರು ಎಂದು ಬರೆದಂತೆ ಅದು, ನಿಷೇಧ ಜೀವನಪೂರ್ತಿ. ವಿನಾಯಿತಿ ಕೇಳುವ ದಾರಿ ಅದಕ್ಕೂ ಇದೆ, ಆದರೆ ಆಗ ಅಮೆರಿಕದ ಲೈಸೆನ್ಸ್ ಇರುವ ವಕೀಲರನ್ನೇ ಹಿಡಿಯಬೇಕು, ಸ್ಟೇಷನ್ ಹತ್ತಿರದ ವೀಸಾ ಏಜೆಂಟನ್ನಲ್ಲ.

ಇನ್ನು, ತಡೆದದ್ದು ಯಾಕೆ? ನನಗೆ ಕಾಣುವ ಮಟ್ಟಿಗೆ ಎಲ್ಲ ಕೆಟ್ಟದ್ದು ಆ 'ಕಾಮ್' ಎಂಬ ಒಂದು ಪದದಿಂದ. ಬಾಣಂತನ ಅಂದರೆ ನಮಗೆ ಏನು? ಎಣ್ಣೆ ಹಚ್ಚಿ ಬಿಸಿನೀರು ಹುಯ್ಯುವುದು, ಮೆಂತ್ಯದ ಗಂಜಿ, ರಾತ್ರಿ ಮಗು ಅತ್ತರೆ ಎತ್ತಿಕೊಳ್ಳುವುದು. ತಾಯಿಯಾದವಳು ಮಾಡುವುದೇ ಅದು, ಅದನ್ನು ಯಾರೂ ಕೆಲಸ ಅನ್ನುವುದಿಲ್ಲ. ಮುಂಬೈ ಹಿಂದಿಯಲ್ಲಿ ಅದು 'ಕಾಮ್' ಆಯಿತು, ದುಭಾಷಿಯ ಬಾಯಲ್ಲಿ 'ವರ್ಕ್' ಆಯಿತು, ಟೂರಿಸ್ಟ್ ವೀಸಾದಲ್ಲಿ ಮಾಡಬಾರದ್ದೇ ಅದು! ಹೆರಿಗೆ ಹೊತ್ತಿಗೆ ಮಗಳ ಜೊತೆಗಿರಲು ಹೋಗುವುದು ತಪ್ಪೇ ಅಲ್ಲ. ಆದರೆ ಐದೂವರೆ ತಿಂಗಳು ಇದ್ದು, ಮೂರೇ ತಿಂಗಳಿಗೆ ಮತ್ತೆ ಬಂದವರನ್ನು ಕಂಡರೆ ಇವರು ಇಲ್ಲೇ ಇದ್ದು ಮಗು ನೋಡಿಕೊಳ್ಳುವ ಆಯಾ ಇರಬಹುದೇ ಎಂಬ ಅನುಮಾನ ಅವರಿಗೆ ಬರುತ್ತದೆ. ಫೋನಿನಲ್ಲಿ 'ಅಮ್ಮ ಬಂದಿದ್ದಕ್ಕೆ ಡೇಕೇರ್ ದುಡ್ಡು ಉಳೀತು' ಎಂಬ ಒಂದು ವಾಟ್ಸಾಪ್ ತಮಾಷೆ ಸಿಕ್ಕಿದರೂ ಸಾಕು. ನಿಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಅಂಥದ್ದು ಇತ್ತಾ ಅಂತ ಅಕ್ಕನನ್ನೇ ಕೇಳಿ.

ಫೋನ್ ಕೊಡುವುದಿಲ್ಲ ಅನ್ನಬಹುದಿತ್ತಾ ಅಂತ ತುಂಬ ಜನ ಕೇಳುತ್ತಾರೆ. ಅನ್ನಬಹುದು, ಆದರೆ ವಿಸಿಟರ್ ವೀಸಾದವರು ಹಾಗಂದರೆ ವಾಪಸ್ ಕಳಿಸಲು ಅದೇ ನೆಪ ಆದೀತು. ಆ ಕೋಣೆಯೊಳಗೆ ವಕೀಲರನ್ನು ಕರೆಸಿಕೊಳ್ಳುವ ಹಕ್ಕೂ ಸಾಮಾನ್ಯವಾಗಿ ಇಲ್ಲ. ಆದರೆ ಕನ್ನಡ ದುಭಾಷಿ ಬೇಕು ಎಂದು ಕೇಳಬಹುದು, ಕೇಳಲೇಬೇಕು. ಪ್ರಶ್ನೋತ್ತರವನ್ನೆಲ್ಲ ಟೈಪ್ ಮಾಡಿ ಒಂದೊಂದು ಪುಟಕ್ಕೂ ಚಿಕ್ಕ ಸಹಿ ಹಾಕಿಸಿಕೊಳ್ಳುತ್ತಾರೆ. ಓದಿ ಹೇಳಿ, ಅರ್ಥ ಆದ ಮೇಲೆ ಹಾಕುತ್ತೇನೆ ಎಂದರೆ ತಪ್ಪಿಲ್ಲ. ಬಂಧನದಲ್ಲಿ ಇಟ್ಟುಕೊಂಡರೆ ನಮ್ಮ ಕಾನ್ಸುಲೇಟಿಗೆ ತಿಳಿಸಿ ಎನ್ನಬಹುದು, 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯಲ್ಲಿ ಆ ಹಕ್ಕಿದೆ. ನ್ಯೂಜೆರ್ಸಿ ಬರುವುದು ನ್ಯೂಯಾರ್ಕ್ ಕಾನ್ಸುಲೇಟಿನ ಕೆಳಗೆ. ಒಂಬತ್ತು ಗಂಟೆ ಕೂತ 63ರ ಹೆಂಗಸಿಗೆ ಇದೆಲ್ಲ ಎಲ್ಲಿ ನೆನಪಿರುತ್ತದೆ ಅಂತ ನೀವು ಕೇಳಬಹುದು, ಅದೂ ಸರಿಯೇ.

ಮತ್ತೆ ಹೋಗುವ ವಿಷಯ. ಬರೀ ಐ-275 ಆಗಿದ್ದರೆ ಇವತ್ತೇ ಹೊಸ ವೀಸಾಕ್ಕೆ ಹಾಕಬಹುದು, ಆದರೆ ನಾನಾದರೆ ಹಾಕುವುದಿಲ್ಲ. ವೀಸಾ ಅರ್ಜಿಯ ಡಿಎಸ್-160 ಫಾರ್ಮಿನಲ್ಲಿ ಹಿಂದೆ ಪ್ರವೇಶ ನಿರಾಕರಿಸಿದ್ದಾರಾ, ಬಾಗಿಲಲ್ಲೇ ವಾಪಸ್ ಹೋಗಿದ್ದೀರಾ ಎಂಬ ನೇರ ಪ್ರಶ್ನೆ ಇದೆ. ಅದಕ್ಕೆ 'ಹೌದು' ಎಂದೇ ಬರೆಯಬೇಕು. ಏಜೆಂಟ್ 'ಇಲ್ಲ' ಹಾಕಿಬಿಟ್ಟರೆ ಇಲ್ಲದ ಸುಳ್ಳಿನ ಕೇಸನ್ನು ನೀವೇ ಮೈಮೇಲೆ ಎಳೆದುಕೊಂಡ ಹಾಗೆ. ಮುಂಬೈ ಬಿಕೆಸಿಯ ಅಮೆರಿಕನ್ ಕಾನ್ಸುಲೇಟಿನ ಇಂಟರ್‌ವ್ಯೂನಲ್ಲಿ ಅವರ ಸ್ಕ್ರೀನ್ ಮೇಲೆ ಎಲ್ಲ ಇರುತ್ತದೆ. ಅದಕ್ಕೆ ಮುಂಚೆ ಏರ್‌ಪೋರ್ಟಿನವರು ಏನು ಬರೆದುಕೊಂಡಿದ್ದಾರೆ ಅಂತ ತಿಳಿಯಿರಿ. ಅಮೆರಿಕದಲ್ಲೂ ನಮ್ಮ ಆರ್‌ಟಿಐ ಥರದ ಎಫ್‌ಒಐಎ ಇದೆ, ಆ ದೇಶದವರಲ್ಲದಿದ್ದರೂ ಅರ್ಜಿ ಹಾಕಿ ದಾಖಲೆ ತರಿಸಿಕೊಳ್ಳಬಹುದು.

ಈ ಹೆರಿಗೆಗೆ ಅಮ್ಮ ಇರುವುದು ಕಷ್ಟ, ಅದನ್ನು ಅಕ್ಕನಿಗೆ ಈಗಲೇ ಹೇಳಿಬಿಡಿ, ಅವಳೂ ಬೇರೆ ವ್ಯವಸ್ಥೆ ಮಾಡಿಕೊಳ್ಳಬೇಕಲ್ಲ. ಆ ಹಾಳೆಗಳು ಸಿಕ್ಕಿದರೆ ಎಲ್ಲ ಪುಟಗಳ ಫೋಟೋ ಕಳಿಸಿ. ಮೂಲೆಯಲ್ಲಿರುವ ಫಾರ್ಮ್ ನಂಬರ್ ಕಾಣುವ ಹಾಗೆ ತೆಗೆಯಿರಿ.