ಘಟ್ಟ ಹತ್ತುವ ಪಿಕಪ್ಪಿಗೆ 3.55 ಆಕ್ಸಲ್ಲೋ, 4.10 ಆಕ್ಸಲ್ಲೋ?

ಕಾರವಾರದಿಂದ ಭಾರವಾದ ಟ್ರೈಲರ್ ಕಟ್ಟಿಕೊಂಡು ಅರಬೈಲ್ ಘಟ್ಟದ ಮೂಲಕ ಯಲ್ಲಾಪುರಕ್ಕೆ ಪದೇಪದೇ ಹೋಗಬೇಕಾದ ಡೀಸೆಲ್ ಪಿಕಪ್ಪಿಗೆ 3.55 ಮತ್ತು 4.10ರಲ್ಲಿ ಯಾವ ಆಕ್ಸಲ್ ಅನುಪಾತ ಸೂಕ್ತವೆಂದು ಕೇಳಿದ್ದೀರಿ. ನಾನಾದರೆ 4.10 ಅನ್ನೇ ಆರಿಸುತ್ತೇನೆ.

ಚಕ್ರ ಒಂದು ಸುತ್ತು ತಿರುಗಲು ಗೇರ್‌ಬಾಕ್ಸಿನಿಂದ ಆಕ್ಸಲ್ಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ತಿರುಗಬೇಕೆಂಬುದನ್ನು ಈ ಸಂಖ್ಯೆ ಹೇಳುತ್ತದೆ. 3.55ರ ಬದಲು 4.10 ಇದ್ದರೆ, ಅದೇ ಗೇರಿನಲ್ಲಿ ಚಕ್ರಕ್ಕೆ ತಲುಪುವ ಟಾರ್ಕ್ (ತಿರುಗಿಸುವ ಬಲ) ಸುಮಾರು ಶೇ. 15ರಷ್ಟು ಹೆಚ್ಚುತ್ತದೆ, ಅದೇ ವೇಗಕ್ಕೆ ಎಂಜಿನ್ ತಿರುಗಬೇಕಾದ ಸುತ್ತುಗಳೂ ಅಷ್ಟೇ ಹೆಚ್ಚುತ್ತವೆ. ಉದಾಹರಣೆಗೆ, ಟೈರಿನ ವ್ಯಾಸ 75 ಸೆಂಟಿಮೀಟರ್ ಇದ್ದು, ಎಂಜಿನ್ನೂ ಪ್ರೊಪೆಲ್ಲರ್ ಶಾಫ್ಟೂ ಸಮನಾಗಿ ತಿರುಗುವ ಒಂದಕ್ಕೊಂದು ಅನುಪಾತದ ಗೇರಿನಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸಾಗುವಾಗ, 3.55ರಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 1,500 ಸುತ್ತು, 4.10ರಲ್ಲಿ ಸುಮಾರು 1,740 ಸುತ್ತು ತಿರುಗುತ್ತದೆ. ತಿರುವಿನಲ್ಲಿ ವೇಗ ಕುಸಿದ ಮೇಲೆ ಏರಿನಲ್ಲೇ ಮತ್ತೆ ಎಳೆಯಬೇಕಾದಾಗ ಕಡಿಮೆ ಸುತ್ತಿನಲ್ಲಿ ಬಲ ಕುಗ್ಗುವ ಟರ್ಬೊ ಎಂಜಿನ್ನಿಗೆ ಈ ವ್ಯತ್ಯಾಸ ನಿಜಕ್ಕೂ ಆಸರೆಯಾಗುತ್ತದೆ, ಹೊರಡುವಾಗ ಕ್ಲಚ್ಚಿನ ಸವೆತವೂ ತಗ್ಗುತ್ತದೆ. ಇಳಿಯುವಾಗ ಎಂಜಿನ್ ಬ್ರೇಕಿಂಗ್, ಅಂದರೆ ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ನೇ ಗಾಡಿಯನ್ನು ತಡೆಯುವುದು, ಬಲವಾಗುತ್ತದೆ. ಆದರೂ ಟ್ರೈಲರಿಗೆ ಅದರದೇ ಬ್ರೇಕ್ ಇರಲೇಬೇಕು.

ವರ್ಷದ ಹೆಚ್ಚಿನ ದಿನ ಅಂಕೋಲಾ, ಕುಮಟಾ ಕಡೆಯ ಕರಾವಳಿ ಹೆದ್ದಾರಿಯಲ್ಲಿ ಖಾಲಿ ಗಾಡಿಯನ್ನೇ ಓಡಿಸುವವರಿಗೆ ಮಾತ್ರ 3.55 ಆಕ್ಸಲ್ ಡೀಸೆಲ್ ಉಳಿಸುತ್ತದೆ.

ದೊಡ್ಡ ಟೈರ್ ಹಾಕಿಸಿದರೆ 4.10ರ ಲಾಭ ಕರಗುತ್ತದೆ ಎಂಬುದನ್ನು ಮರೆಯಬೇಡಿ. ನಾಲ್ಕೂ ಚಕ್ರ ಎಳೆಯುವ ಗಾಡಿಯಾದರೆ ಮುಂದಿನ, ಹಿಂದಿನ ಆಕ್ಸಲ್ ಎರಡನ್ನೂ ಬದಲಿಸಬೇಕು. ಆಕ್ಸಲ್ ಬದಲಿಸಿದ ಮಾತ್ರಕ್ಕೆ ತಯಾರಕರು ನಿಗದಿಪಡಿಸಿದ ಎಳೆಯುವ ತೂಕದ ಮಿತಿ ಹೆಚ್ಚುವುದಿಲ್ಲ.