ಗುರುವೋ, ಬಳಗವೋ: ಗ್ವೆಂಡೊಲಿನ್ ಬ್ರೂಕ್ಸ್ ಅವರ ಷಿಕಾಗೊ

ಅಮೆರಿಕದ ಕಪ್ಪು ಜನಾಂಗದ ಯುವ ಲೇಖಕರನ್ನು ಬೆಳೆಸಿದ್ದು ಹಿರಿಯ ಲೇಖಕರೋ, ಸಾಹಿತ್ಯ ಬಳಗಗಳೋ ಎಂದು ತಾವು ಕೇಳಿದ್ದೀರಿ. ಅಮೆರಿಕದ ಕಾವ್ಯವನ್ನು ಹಲವು ವರ್ಷಗಳಿಂದ ಪಾಠ ಮಾಡುತ್ತ ಬಂದಿರುವ ನನಗೆ ತೋರಿರುವುದು ಇಷ್ಟು: ಹಿರಿಯರು ಧೈರ್ಯ ತುಂಬಿದರು, ಶಿಫಾರಸು ಮಾಡಿದರು, ಬರವಣಿಗೆ ಹದಗೊಂಡದ್ದು ಮಾತ್ರ ಹೆಚ್ಚಾಗಿ ಓರಗೆಯವರ ನಡುವೆ. ಕವಯಿತ್ರಿ ಗ್ವೆಂಡೊಲಿನ್ ಬ್ರೂಕ್ಸ್ ಅವರ ಬದುಕನ್ನೇ ನೋಡಬಹುದು.

ಬ್ರೂಕ್ಸ್ ಬೆಳೆದದ್ದು ಷಿಕಾಗೊ ನಗರದ ದಕ್ಷಿಣ ಭಾಗದ ಕಪ್ಪು ಜನರ ಬಡಾವಣೆಯಲ್ಲಿ. ಹದಿಹರೆಯದಲ್ಲಿ ತಾಯಿ ಅವರನ್ನು ಒಂದು ಚರ್ಚಿಗೆ ಕರೆದೊಯ್ದಾಗ, ಅಲ್ಲಿ ಕವಿತೆ ಓದಲು ಬಂದಿದ್ದ ಹೆಸರಾಂತ ಕಪ್ಪು ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಆ ಹುಡುಗಿಯ ಕವಿತೆಗಳನ್ನು ಅಲ್ಲಿಯೇ ಓದಿ, ಬರೆಯುವುದನ್ನು ಬಿಡಬೇಡವೆಂದು ಹೇಳಿದರು. ಮತ್ತೊಬ್ಬ ಹಿರಿಯ ಕಪ್ಪು ಕವಿ ಜೇಮ್ಸ್ ವೆಲ್ಡನ್ ಜಾನ್ಸನ್ ಅವರು ಆಧುನಿಕ ಕವಿಗಳನ್ನು ಓದುವಂತೆ ಪತ್ರ ಬರೆದು ಸೂಚಿಸಿದರು. ಇವೆಲ್ಲ ದೊಡ್ಡ ಉಪಕಾರಗಳೇ. ಆದರೆ ನಿಜವಾದ ಅಭ್ಯಾಸ ಆರಂಭವಾದದ್ದು 1941ರಲ್ಲಿ, ಸೌತ್ ಸೈಡ್ ಕಮ್ಯುನಿಟಿ ಆರ್ಟ್ ಸೆಂಟರ್‌ನಲ್ಲಿ ಐನೆಜ್ ಕನಿಂಗ್‌ಹ್ಯಾಮ್ ಸ್ಟಾರ್ಕ್ ಎಂಬ ಶ್ರೀಮಂತ ಬಿಳಿಯ ಮಹಿಳೆ ನಡೆಸಿದ ಕಾವ್ಯ ತರಗತಿಯಲ್ಲಿ. ಆ ಬಡಾವಣೆಗೆ ಹೋಗಬೇಡಿರೆಂದು ಸ್ನೇಹಿತರು ಹೆದರಿಸಿದರೂ ಆಕೆ ಬಂದರು, ತರಗತಿಗೆ ಪುಸ್ತಕಗಳನ್ನು ತಂದರು, ‘ಪೊಯಟ್ರಿ’ ಪತ್ರಿಕೆಗೆ ಚಂದಾ ಕಟ್ಟಿದರು. ಅಲ್ಲಿ ಓದಿದ ಪ್ರತಿಯೊಂದು ಕವಿತೆಯನ್ನೂ ಸಹಪಾಠಿಗಳು ಯಾವ ದಾಕ್ಷಿಣ್ಯವೂ ಇಲ್ಲದೆ ಚರ್ಚಿಸುತ್ತಿದ್ದರು. ಕಪ್ಪು ಹೆಣ್ಣುಮಗಳು ಕವಿತೆ ಬರೆಯಬಲ್ಲಳೇ ಎಂಬ ಪ್ರಶ್ನೆಯೇ ಅಲ್ಲಿ ಏಳುತ್ತಿರಲಿಲ್ಲವಾದ್ದರಿಂದ, ಈ ಸಾಲು ಯಾಕೆ ಸಡಿಲವಾಗಿದೆ ಎಂಬ ಮಾತಿಗೆ ನೇರವಾಗಿ ಬರಬಹುದಾಗಿತ್ತು. ಆ ಸಹಪಾಠಿಗಳಲ್ಲಿ ಒಬ್ಬರಾದ ಎಡ್ವರ್ಡ್ ಬ್ಲ್ಯಾಂಡ್ 1945ರಲ್ಲಿ ಯುದ್ಧದಲ್ಲಿ ಮಡಿದರು. ಬ್ರೂಕ್ಸ್ ಅವರಿಗೆ 1950ರಲ್ಲಿ ಪುಲಿಟ್ಜರ್ ಪ್ರಶಸ್ತಿ ತಂದುಕೊಟ್ಟ ಸಂಕಲನ ತೆರೆದುಕೊಳ್ಳುವುದೇ ಬ್ಲ್ಯಾಂಡ್ ಅವರ ನೆನಪಿನ ಕವಿತೆಯಿಂದ. ಆ ಪ್ರಶಸ್ತಿ ಪಡೆದ ಮೊದಲ ಕಪ್ಪು ಲೇಖಕಿ ಆಕೆ.

ಕೊಡುವ ಕೈಯೆಲ್ಲ ಒಂದೇ ತೆರನಾದುದಲ್ಲ ಎಂಬುದನ್ನೂ ಹೇಳಬೇಕು. ಷಾರ್ಲಟ್ ಆಸ್ಗುಡ್ ಮೇಸನ್ ಎಂಬ ಮತ್ತೊಬ್ಬ ಶ್ರೀಮಂತೆ 1927ರ ಒಪ್ಪಂದದಂತೆ ಕಪ್ಪು ಲೇಖಕಿ ಜೋರಾ ನೀಲ್ ಹರ್ಸ್ಟನ್ ಅವರಿಗೆ ತಿಂಗಳಿಗೆ 200 ಡಾಲರ್ ಕೊಡುತ್ತಿದ್ದರು. ಆದರೆ ಹರ್ಸ್ಟನ್ ಊರೂರು ಅಲೆದು ಸಂಗ್ರಹಿಸಿದ ಜಾನಪದ ಸಾಮಗ್ರಿಯ ಒಡೆತನ ಮೇಸನ್ ಅವರದಾಗಿತ್ತು. ಹ್ಯೂಸ್ ಕೂಡ ಆಕೆಯ ಆಶ್ರಯದಲ್ಲಿದ್ದು, 1930ರಲ್ಲಿ ಸಂಬಂಧ ಮುರಿದುಬಿದ್ದಾಗ ಬಹಳ ನೊಂದರು. ಇದನ್ನು ಪೋಷಣೆ ಎನ್ನಲು ನನಗೆ ಮನಸ್ಸಾಗುವುದಿಲ್ಲ.

ಹಿರಿಯರು ಎದುರಿಗಿಲ್ಲದೆಯೂ ಬಳಗ ಕಟ್ಟಿದವರಿದ್ದಾರೆ. ಹೆಸರಾಂತ ಕಪ್ಪು ಲೇಖಕ ಜೇಮ್ಸ್ ಬಾಲ್ಡ್‌ವಿನ್ ಅವರ ಅಂತ್ಯಕ್ರಿಯೆಗೆ ಹೋಗಿಬಂದ ತರುಣರು, ಬದುಕಿರುವ ಕಪ್ಪು ಲೇಖಕರನ್ನು ಕರೆಸಿ ಕೇಳಬೇಕೆಂದು 1988ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್‌ನ ಮನೆಯೊಂದರಲ್ಲಿ ಡಾರ್ಕ್ ರೂಮ್ ಕಲೆಕ್ಟಿವ್ ಎಂಬ ಲೇಖಕರ ಬಳಗ ಆರಂಭಿಸಿದರು. ಅಲ್ಲಿದ್ದ ನಟಾಷಾ ಟ್ರೆಥವೇ ಮತ್ತು ಟ್ರೇಸಿ ಕೆ. ಸ್ಮಿತ್ ಇಬ್ಬರೂ ಮುಂದೆ ಅಮೆರಿಕದ ರಾಷ್ಟ್ರಕವಿಗಳಾದರು.

ಬ್ರೂಕ್ಸ್ ಅವರ ವಿಷಯದಲ್ಲಿ ನನಗೆ ಅತ್ಯಂತ ಕುತೂಹಲಕರವಾದುದು ನಂತರದ ಭಾಗ. ಐವತ್ತರ ಹೊಸ್ತಿಲಲ್ಲಿ, 1967ರಲ್ಲಿ, ಫಿಸ್ಕ್ ವಿಶ್ವವಿದ್ಯಾಲಯದ ಲೇಖಕರ ಸಮ್ಮೇಳನದಲ್ಲಿ ಅವರು ಹೊಸ ತಲೆಮಾರಿನ ಸಿಟ್ಟನ್ನೂ ಆತ್ಮವಿಶ್ವಾಸವನ್ನೂ ಕಂಡರು. ಷಿಕಾಗೊಗೆ ಹಿಂದಿರುಗಿ ಬ್ಲ್ಯಾಕ್‌ಸ್ಟೋನ್ ರೇಂಜರ್ಸ್ ಎಂಬ ಬೀದಿ ಗುಂಪಿನ ಹುಡುಗರಿಗೆ ಕಾವ್ಯ ಕಮ್ಮಟ ನಡೆಸಿದರು. ಯುವ ಕವಿಗಳು ಅವರ ಮನೆಯಲ್ಲಿಯೇ ಸೇರತೊಡಗಿದರು. ಅವರಲ್ಲಿ ಹಾಕಿ ಮಧುಬುತಿ ಕೂಡ ಒಬ್ಬರು. ಅದೇ ವರ್ಷ 400 ಡಾಲರ್ ಮತ್ತು ಪ್ರತಿ ತೆಗೆಯುವ ಒಂದು ಮಿಮಿಯೋಗ್ರಾಫ್ ಯಂತ್ರದೊಂದಿಗೆ ಥರ್ಡ್ ವರ್ಲ್ಡ್ ಪ್ರೆಸ್ ಎಂಬ ಪ್ರಕಾಶನ ಶುರುವಾದಾಗ ಅದರ ಮುಂದಾಳು ಮಧುಬುತಿಯವರೇ. ಬ್ರೂಕ್ಸ್ ಇಲಿನಾಯ್ ರಾಜ್ಯದ ಎಳೆಯ ಕವಿಗಳಿಗೆ ತಮ್ಮ ಕೈಯಿಂದಲೇ ಬಹುಮಾನದ ಹಣ ಕೊಡುತ್ತಿದ್ದರು. ಆದರೆ ಕಲಿಕೆ ಎರಡೂ ಕಡೆಯಿಂದ ನಡೆದಿತ್ತು: ಆ ಹುಡುಗರ ಸಹವಾಸದಲ್ಲಿ ಅವರ ಕಾವ್ಯದ ಧಾಟಿಯೇ ಬದಲಾಯಿತು, ಮತ್ತು ಎರಡು ದಶಕಕ್ಕೂ ಹೆಚ್ಚು ಕಾಲ ತಮ್ಮ ಪುಸ್ತಕಗಳನ್ನು ತಂದಿದ್ದ ನ್ಯೂಯಾರ್ಕಿನ ದೊಡ್ಡ ಪ್ರಕಾಶನವನ್ನು ಬಿಟ್ಟು, 1969ರಿಂದ ಡೆಟ್ರಾಯಿಟ್‌ನ ಗ್ರಂಥಪಾಲಕ ಡಡ್ಲಿ ರಾಂಡಲ್ ನಡೆಸುತ್ತಿದ್ದ ಪುಟ್ಟ ಬ್ರಾಡ್‌ಸೈಡ್ ಪ್ರೆಸ್ಸಿಗೆ ತಮ್ಮ ಹಸ್ತಪ್ರತಿಗಳನ್ನು ಕೊಡತೊಡಗಿದರು.